ಹದಿನಾರು ಮತಗಳ ಕನ್ನಡಿ

2023ರ ಮೇ 13, ಶನಿವಾರ. ಕರ್ನಾಟಕ ವಿಧಾನಸಭೆಯ ಮತ ಎಣಿಕೆಯ ದಿನ. ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಚಿತ್ರ ಸ್ಪಷ್ಟವಾಗಿತ್ತು. ಕಾಂಗ್ರೆಸ್ 135 ಸ್ಥಾನ ಗೆದ್ದು ಅಧಿಕಾರಕ್ಕೆ ಬಂದಿತ್ತು, ಬಿಜೆಪಿ 66ಕ್ಕೆ ಇಳಿದಿತ್ತು. ಆದರೆ ದಕ್ಷಿಣ ಬೆಂಗಳೂರಿನ ಒಂದು ಕ್ಷೇತ್ರದ ಫಲಿತಾಂಶ ಮಾತ್ರ ಕತ್ತಲಾದರೂ ಹೊರಬೀಳಲಿಲ್ಲ. ಅದು ಜಯನಗರ. ಎಸ್‌ಎಸ್‌ಎಂಆರ್‌ವಿ ಕಾಲೇಜಿನ ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷಗಳ ಕಾರ್ಯಕರ್ತರು ನೆರೆದಿದ್ದರು. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅತ್ಯಲ್ಪ ಅಂತರದಿಂದ ಮುಂದಿದ್ದಾರೆಂಬ ಸುದ್ದಿ ಮೊದಲು ಬಂತು. ಬಿಜೆಪಿ ಮರು ಎಣಿಕೆ ಕೇಳಿತು. ತಿರಸ್ಕೃತವಾಗಿದ್ದ ಅಂಚೆ ಮತಗಳ ಮೇಲೆ ವಾದ ಎದ್ದಿತು. ಎರಡೂ ಕಡೆಯ ದೊಡ್ಡ ನಾಯಕರು ಸ್ಥಳಕ್ಕೆ ಧಾವಿಸಿದರು. ಕೊನೆಗೆ ರಾತ್ರಿ ಪ್ರಕಟವಾದ ಲೆಕ್ಕ ಹೀಗಿತ್ತು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ ಹದಿನಾರು.

ಒಂದು ಲಕ್ಷದ ಹದಿನೈದು ಸಾವಿರಕ್ಕೂ ಹೆಚ್ಚು ಮಂದಿ ಎರಡು ಪಾಲಾಗಿ ನಿಂತಾಗ ಉಳಿದ ವ್ಯತ್ಯಾಸ ಒಂದು ಕೂಡುಕುಟುಂಬದಷ್ಟು! ಹೆಸರು ಹೋಲುವ ಇನ್ನೊಬ್ಬ ಪಕ್ಷೇತರ ಅಭ್ಯರ್ಥಿ ಪಡೆದ ಮತಗಳೇ ಇದಕ್ಕಿಂತ ಎಷ್ಟೋ ಹೆಚ್ಚು. ಪ್ರಕರಣ ಮುಂದೆ ಹೈಕೋರ್ಟಿನ ಮೆಟ್ಟಿಲೇರಿತು.

ಆ ರಾತ್ರಿ ಯಾರು ಸರಿ, ಯಾರು ತಪ್ಪು ಎಂಬುದು ನ್ಯಾಯಾಲಯದ ವಿಷಯ. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಅದೇ ದಿನ, ಅದೇ ಆಯೋಗ ನಡೆಸಿದ ಅದೇ ಚುನಾವಣೆಯಲ್ಲಿ ರಾಜ್ಯವನ್ನೇ ಗೆದ್ದಿದ್ದ ಪಕ್ಷದ ಬೆಂಬಲಿಗರಿಗೆ ಜಯನಗರದ ಎಣಿಕೆಯ ಮೇಲೆ ನಂಬಿಕೆ ಇರಲಿಲ್ಲ. ರಾಜ್ಯವನ್ನೇ ಸೋತಿದ್ದ ಪಕ್ಷದ ಬೆಂಬಲಿಗರಿಗೆ ಜಯನಗರದಲ್ಲಿ ಪ್ರಜಾಪ್ರಭುತ್ವ ಗೆದ್ದಂತೆ ಕಂಡಿತ್ತು. ಹದಿನಾರು ಮತ ಅತ್ತಿಂದಿತ್ತ ಆಗಿದ್ದರೆ? ಎರಡೂ ಗುಂಪುಗಳ ಬಾಯಲ್ಲಿದ್ದ ಮಾತುಗಳು ಹಾಗೆಯೇ ಅದಲುಬದಲಾಗುತ್ತಿದ್ದವು ಎಂದರೆ ಯಾರೂ ಆಶ್ಚರ್ಯಪಡಬೇಕಿಲ್ಲ.

ಕನ್ನಡಿಯ ಮುಂದೆ ನಿಂತವನು ಬಲಗೈ ಎತ್ತಿದರೆ ಪ್ರತಿಬಿಂಬ ಎಡಗೈ ಎತ್ತುತ್ತದೆ. ಕೈ ಬೇರೆ, ಭಂಗಿ ಮಾತ್ರ ಒಂದೇ. ಇಂದಿನ ಪಕ್ಷಾಭಿಮಾನದ ಕಥೆಯೂ ಹೀಗೆಯೇ ಇದೆ. ಈ ಭಂಗಿಯನ್ನು ಗುರುತಿಸುವುದು ಹದಿನೆಂಟು ತುಂಬುತ್ತಿರುವ ಮಕ್ಕಳಿಗೂ ಅವರನ್ನು ಬೆಳೆಸುತ್ತಿರುವ ಹೆತ್ತವರಿಗೂ ಅಗತ್ಯವಾದ ಪಾಠ. ಏಕೆಂದರೆ ಬನಶಂಕರಿಯಿಂದ ಬಿಟಿಎಂ ಲೇಔಟ್‌ವರೆಗೆ ಎಷ್ಟೋ ಮನೆಗಳಲ್ಲಿ ಇಂದು ಊಟದ ಹೊತ್ತಿನ ಮಾತು ರಾಜಕೀಯಕ್ಕೆ ತಿರುಗಿದರೆ ಒಬ್ಬರು ತಟ್ಟೆ ಬಿಟ್ಟು ಏಳುವ ಪರಿಸ್ಥಿತಿ ಇದೆ. ಅಣ್ಣತಮ್ಮಂದಿರು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಿಂದ ಹೊರನಡೆದಿದ್ದಾರೆ. ಒಂದೇ ಬೆಂಚಿನ ಗೆಳೆಯರು ಮಾತು ಬಿಟ್ಟಿದ್ದಾರೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ಪಕ್ಷಗಳ ನಿಲುವು ತತ್ವಕ್ಕೆ ಅಂಟಿಕೊಂಡಿರುತ್ತದೆಯೋ ಅಥವಾ ಕುರ್ಚಿಗೋ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಡೆದ ಹಣಾಹಣಿಯನ್ನು ನೆನೆದರೆ ಸಾಕು. ಒಂದು ಕಡೆ ಐದು ಬಾರಿ ಗೆದ್ದಿದ್ದ ಬಿಜೆಪಿಯ ಅನಂತಕುಮಾರ್. ಇನ್ನೊಂದು ಕಡೆ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ, 2009ರಿಂದ ಆಧಾರ್ ಯೋಜನೆಯ ಪ್ರಾಧಿಕಾರವನ್ನು ಮುನ್ನಡೆಸಿದ್ದ ನಂದನ್ ನಿಲೇಕಣಿ, ಕಾಂಗ್ರೆಸ್ ಅಭ್ಯರ್ಥಿಯಾಗಿ. ಸಹಜವಾಗಿಯೇ ಆಧಾರ್ ಚುನಾವಣೆಯ ವಿಷಯವಾಯಿತು. ಬಿಜೆಪಿಯ ಪ್ರಚಾರ ಅದನ್ನು ಹಣ ಪೋಲು, ದೇಶದ ಭದ್ರತೆಗೆ ಅಪಾಯ ಎಂದು ಜರೆಯಿತು. ಅದಕ್ಕೂ ಮೊದಲೇ, 2011ರ ಡಿಸೆಂಬರ್‌ನಲ್ಲಿ, ಆಗ ಬಿಜೆಪಿಯಲ್ಲಿದ್ದ ಯಶವಂತ ಸಿನ್ಹಾ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿ ಆಧಾರ್ ಮಸೂದೆಯನ್ನು ಒಪ್ಪದೆ ಹಿಂದಿರುಗಿಸಿತ್ತು. ಕಾಂಗ್ರೆಸ್ ಕಾರ್ಯಕರ್ತರಿಗೆ ಅದೇ ಆಧಾರ್ ಬಡವರ ಗುರುತು, ಸೋರಿಕೆ ತಡೆಯುವ ಸಾಧನ. ನಿಲೇಕಣಿ 2,28,575 ಮತಗಳಿಂದ ಸೋತರು.

ಮುಂದೇನಾಯಿತು? ಅಧಿಕಾರಕ್ಕೆ ಬಂದ ಬಿಜೆಪಿ ನೇತೃತ್ವದ ಸರ್ಕಾರ ಆಧಾರನ್ನು ಕೈಬಿಡಲಿಲ್ಲ, ಮತ್ತಷ್ಟು ಬಲಪಡಿಸಿತು. 2016ರ ಮಾರ್ಚ್‌ನಲ್ಲಿ ಆಧಾರ್ ಮಸೂದೆಯನ್ನು ಹಣಕಾಸು ಮಸೂದೆಯ ರೂಪದಲ್ಲಿ ಸಂಸತ್ತಿನಲ್ಲಿ ಅಂಗೀಕರಿಸಲಾಯಿತು. ಈಗ ಅದನ್ನು ವಿರೋಧಿಸುವ ಸರದಿ ಕಾಂಗ್ರೆಸ್ಸಿನದು. ಆ ಪಕ್ಷದ ಜೈರಾಮ್ ರಮೇಶ್ ಸುಪ್ರೀಂ ಕೋರ್ಟಿನ ಮೊರೆಹೋದರು. 2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಮೂರ್ತಿಗಳ ಪೀಠ ನಾಲ್ಕು–ಒಂದರ ಬಹುಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು, ಕೆಲವು ಭಾಗಗಳನ್ನು ಮಾತ್ರ ಕತ್ತರಿಸಿತು. ನಾಲ್ಕು ವರ್ಷಗಳಲ್ಲಿ ಎರಡು ಪಕ್ಷಗಳೂ ಪರಸ್ಪರ ಜಾಗ ಬದಲಿಸಿಕೊಂಡಿದ್ದವು. ಅವುಗಳ ಹಿಂದೆ ಲಕ್ಷಾಂತರ ಅಭಿಮಾನಿಗಳೂ ಒಂದಿಷ್ಟೂ ಮುಜುಗರವಿಲ್ಲದೆ ಜಾಗ ಬದಲಿಸಿದ್ದರು. ಹೊಸ ಮಾಹಿತಿ ಸಿಕ್ಕಾಗ ನಿಲುವು ಬದಲಿಸುವುದು ವಿವೇಕದ ಲಕ್ಷಣ. ಆದರೆ ಇಬ್ಬರೂ ಒಂದೇ ಹೊತ್ತಿಗೆ, ಸರ್ಕಾರ ಬದಲಾದ ಹೊತ್ತಿಗೇ, ವಿರುದ್ಧ ದಿಕ್ಕಿನಲ್ಲಿ ವಿವೇಕಿಗಳಾದರೆ ಅನುಮಾನ ಬಾರದಿರುತ್ತದೆಯೇ?

ಮತಯಂತ್ರದ ಕಥೆಯೂ ಇಂಥದೇ. ದೇಶದಲ್ಲಿ ಈ ಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಜಾಲಹಳ್ಳಿಯ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. ಯಂತ್ರವನ್ನು ಮೊದಲ ಬಾರಿ ಬಳಸಿದ್ದು 1982ರಲ್ಲಿ, ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಅಲ್ಲಿನ ಸಿಪಿಐ ಅಭ್ಯರ್ಥಿ ಶಿವನ್ ಪಿಳ್ಳೆ ಮತದಾನಕ್ಕೆ ಮೊದಲೇ ಯಂತ್ರ ಬೇಡವೆಂದು ಹೈಕೋರ್ಟಿಗೆ ಹೋಗಿದ್ದರು. ಫಲಿತಾಂಶ ಬಂದಾಗ ಅವರೇ 123 ಮತಗಳಿಂದ ಗೆದ್ದರು. ಆಗ ಯಂತ್ರದ ವಿರುದ್ಧ ನ್ಯಾಯಾಲಯಕ್ಕೆ ಹೋದವರು ಸೋತ ಕಾಂಗ್ರೆಸ್ ಅಭ್ಯರ್ಥಿ ಎ.ಸಿ. ಜೋಸ್! ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿರಲಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಜೋಸ್ ಪರ ತೀರ್ಪಿತ್ತಿತು. ಆ ಮತಗಟ್ಟೆಗಳಲ್ಲಿ ಮತಪತ್ರದ ಮೂಲಕ ಮರುಮತದಾನ ನಡೆದು ಜೋಸ್ ಗೆದ್ದರು. ಅಂದರೆ ಯಂತ್ರ ಹುಟ್ಟಿದ ದಿನವೇ ಕನ್ನಡಿಯೂ ಹುಟ್ಟಿತ್ತು.

2009ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಸೋತಾಗ ಎಲ್.ಕೆ. ಅಡ್ವಾಣಿ ಮತಪತ್ರಕ್ಕೆ ಮರಳಬೇಕೆಂದರು. ಮರುವರ್ಷ ಅದೇ ಪಕ್ಷದ ಜಿ.ವಿ.ಎಲ್. ನರಸಿಂಹ ರಾವ್ ಮತಯಂತ್ರವನ್ನು ಪ್ರಶ್ನಿಸಿ ಪುಸ್ತಕವನ್ನೇ ಬರೆದರು, ಅದಕ್ಕೆ ಅಡ್ವಾಣಿಯವರ ಮುನ್ನುಡಿ. ಎಂಟು ವರ್ಷಗಳ ನಂತರ, 2018ರ ಮಾರ್ಚ್‌ನಲ್ಲಿ, ಮತಪತ್ರಕ್ಕೆ ಮರಳಬೇಕೆಂದು ನಿರ್ಣಯ ಮಾಡಿದ್ದು ಕಾಂಗ್ರೆಸ್ಸಿನ ಮಹಾಧಿವೇಶನ. ಮತಪತ್ರದ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2024ರ ಏಪ್ರಿಲ್ 26ರಂದು. ಕಾಕತಾಳೀಯವೆಂಬಂತೆ ಅಂದೇ ಬೆಂಗಳೂರು ದಕ್ಷಿಣದ ಜನ ಮತಯಂತ್ರದ ಗುಂಡಿ ಒತ್ತುತ್ತಿದ್ದರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಕಾಂಗ್ರೆಸ್ ಸಚಿವ ಸಂಪುಟ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತಪತ್ರವನ್ನೇ ಬಳಸಬೇಕೆಂದು ಶಿಫಾರಸು ಮಾಡಿತು, ಬಿಜೆಪಿ ಅದನ್ನು ಖಂಡಿಸಿತು. 2009ರ ಭಾಷಣಗಳನ್ನು ಹೆಸರು ಅಳಿಸಿ ಓದಿಸಿದ್ದರೆ, ಯಾರದು ಯಾವುದು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಇನ್ನು ಬೀದಿಯ ದೀಪ, ಚರಂಡಿ, ಕಸದ ವಿಷಯಕ್ಕೆ ಬರೋಣ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡುಗಳಿಗೆ. ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ನಂತರ ಐದು ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿ ಕಾರ್ಪೊರೇಟರುಗಳೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿತ್ತು. 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದಾಗ ಅಂದಿನ ಬಿಜೆಪಿ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ತಡೆಯಾಜ್ಞೆ ಪಡೆಯಿತು. ಹೊಸ ಕಾಯ್ದೆ ತಂದು ವಾರ್ಡುಗಳನ್ನು 243ಕ್ಕೆ ಏರಿಸಿತು. ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್, ಚುನಾವಣೆಗೆ ಹೆದರಿದ್ದಾರೆ ಎಂದು ಗುಡುಗಿತು. 2023ರಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ವಾರ್ಡುಗಳು 225ಕ್ಕೆ ಇಳಿದವು. ಆ ಮೇಲೆ ಪಾಲಿಕೆಯನ್ನೇ ಐದಾಗಿ ಒಡೆಯುವ ಕಾಯ್ದೆ ಬಂತು, ಹೊಸ ವಿಂಗಡಣೆಯಲ್ಲಿ ವಾರ್ಡುಗಳು 369 ಆದವು. ಈಗ, ಚುನಾವಣೆಗೆ ಹೆದರಿದ್ದಾರೆ ಎಂದು ಗುಡುಗುವ ಸರದಿ ಬಿಜೆಪಿಯದು.

ಅತ್ತೆ ಒಡೆದ ಗಡಿಗೆಗೆ ಬೆಲೆಯಿಲ್ಲ, ಸೊಸೆ ಒಡೆದದ್ದಕ್ಕೆ ಮಾತ್ರ ಲೆಕ್ಕವುಂಟು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ವ್ಯತ್ಯಾಸವಿಷ್ಟೆ, ಇಲ್ಲಿ ಐದು ವರ್ಷಕ್ಕೊಮ್ಮೆ ಅತ್ತೆ ಸೊಸೆಯಾಗುತ್ತಾಳೆ, ಸೊಸೆ ಅತ್ತೆಯಾಗುತ್ತಾಳೆ. ಒಡೆದ ಗಡಿಗೆ ಮಾತ್ರ ಮತದಾರನದು.

ಕಣ್ಣು ಒಂದೇ, ನೋಟ ಎರಡು

ರಾಜಕಾರಣಿಗಳಾದರೋ ಲಾಭಕ್ಕಾಗಿ ಮಾತು ಬದಲಿಸುತ್ತಾರೆ ಎನ್ನೋಣ. ಯಾವ ಲಾಭವೂ ಇಲ್ಲದ ಸಾಮಾನ್ಯ ಅಭಿಮಾನಿ ಏಕೆ ಬದಲಿಸುತ್ತಾನೆ? ಅವನು ಸುಳ್ಳು ಹೇಳುತ್ತಿದ್ದಾನೆಯೇ? ಮನಶ್ಶಾಸ್ತ್ರಜ್ಞರ ಉತ್ತರ ‘ಇಲ್ಲ’ ಎಂದು. ಅವನಿಗೆ ನಿಜವಾಗಿಯೂ ಹಾಗೆಯೇ ಕಾಣುತ್ತದೆ.

1951ರ ನವೆಂಬರ್‌ನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಫುಟ್‌ಬಾಲ್ ಪಂದ್ಯ ನಡೆಯಿತು. ಆಟ ಒರಟಾಯಿತು. ಪ್ರಿನ್ಸ್‌ಟನ್ನಿನ ತಾರೆ ಆಟಗಾರನ ಮೂಗು ಮುರಿಯಿತು, ಡಾರ್ಟ್‌ಮತ್ತಿನ ಒಬ್ಬನ ಕಾಲು ಮುರಿಯಿತು. ಆಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಸಂಶೋಧಕರು ಆ ಪಂದ್ಯದ ಚಿತ್ರಸುರುಳಿಯನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ, ಯಾವ ತಂಡ ಎಷ್ಟು ಬಾರಿ ನಿಯಮ ಮುರಿಯಿತು ಎಂದು ಎಣಿಸಲು ಹೇಳಿದರು. ಪ್ರಿನ್ಸ್‌ಟನ್ನಿನವರಿಗೆ ಡಾರ್ಟ್‌ಮತ್ ಆಟಗಾರರ ತಪ್ಪುಗಳು, ಡಾರ್ಟ್‌ಮತ್ತಿನವರು ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಂಡವು. ಚಿತ್ರ ಒಂದೇ, ಪರದೆ ಒಂದೇ. 1954ರಲ್ಲಿ ಪ್ರಕಟವಾದ ಈ ಅಧ್ಯಯನದ ಸಾರ ಸರಳ: ಜನ ಮೊದಲು ನೋಡಿ ಆಮೇಲೆ ಪಕ್ಷ ವಹಿಸುವುದಿಲ್ಲ, ಪಕ್ಷ ವಹಿಸಿಕೊಂಡೇ ನೋಡಲು ಕೂರುತ್ತಾರೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಎಲ್‌ಬಿಡಬ್ಲ್ಯು ಮನವಿಯೊಂದನ್ನು ಕೇಳಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಮರಣದಂಡನೆಯ ಪರವಾಗಿದ್ದ 24, ವಿರುದ್ಧವಾಗಿದ್ದ 24 ವಿದ್ಯಾರ್ಥಿಗಳನ್ನು ಕೂರಿಸಿ ಎರಡು ಬಗೆಯ ಅಧ್ಯಯನಗಳನ್ನು ಓದಿಸಿದರು. ಒಂದು ಮರಣದಂಡನೆಯಿಂದ ಅಪರಾಧ ತಗ್ಗುತ್ತದೆ ಎನ್ನುತ್ತಿತ್ತು, ಇನ್ನೊಂದು ತಗ್ಗುವುದಿಲ್ಲ ಎನ್ನುತ್ತಿತ್ತು. ಎರಡನ್ನೂ ಓದಿದ ಮೇಲೆ ಇಬ್ಬರೂ ಮಧ್ಯಕ್ಕೆ ಬರಬೇಕಿತ್ತಲ್ಲವೇ? ಆದದ್ದು ಬೇರೆ. ತಮ್ಮ ಅಭಿಪ್ರಾಯಕ್ಕೆ ಒಪ್ಪುವ ಅಧ್ಯಯನವನ್ನು ಇಬ್ಬರೂ ಭೇಷ್ ಎಂದರು. ಒಪ್ಪದ್ದರಲ್ಲಿ ಹತ್ತಾರು ಲೋಪ ಹುಡುಕಿದರು. ಕೊನೆಯಲ್ಲಿ, ತಮ್ಮ ಮೊದಲಿನ ನಂಬಿಕೆ ಇನ್ನೂ ಗಟ್ಟಿಯಾಯಿತು ಎಂದು ಎರಡೂ ಕಡೆಯವರು ಹೇಳಿದರು. ಹೆಚ್ಚು ಓದಿದವರಿಗೆ ಈ ರೋಗ ಬಾರದು ಎಂದು ತಿಳಿಯುವುದು ತಪ್ಪು. ಓದಿದವನಿಗೆ ಲೋಪ ಹುಡುಕುವ ಕಲೆಯೂ ಚೆನ್ನಾಗಿ ಬರುತ್ತದೆ.

ಪಕ್ಷದ ಹೆಸರಿಗೆ ಎಂಥ ಶಕ್ತಿ ಇದೆ ಎಂಬುದನ್ನು ತೋರಿಸಿದ್ದು 2003ರಲ್ಲಿ ಪ್ರಕಟವಾದ ಜೆಫ್ರಿ ಕೋಹೆನ್ ಅವರ ಪ್ರಯೋಗ. ಬಡವರಿಗೆ ಸರ್ಕಾರದ ನೆರವು ಎಷ್ಟಿರಬೇಕು ಎಂಬ ಒಂದು ಯೋಜನೆಯನ್ನು ವಿದ್ಯಾರ್ಥಿಗಳ ಮುಂದಿಡಲಾಯಿತು. ಕೆಲವರಿಗೆ ಉದಾರವಾದ ಯೋಜನೆ, ಕೆಲವರಿಗೆ ಬಿಗಿಯಾದ ಯೋಜನೆ. ಇದಕ್ಕೆ ನಿಮ್ಮ ಪಕ್ಷದ ಬೆಂಬಲವಿದೆ ಎಂದು ಹೇಳಿದ ಕೂಡಲೇ, ಯೋಜನೆಯ ಒಳಗೆ ಏನೇ ಇದ್ದರೂ, ಹೆಚ್ಚಿನವರು ಅದನ್ನೇ ಬೆಂಬಲಿಸಿದರು. ಇನ್ನೂ ಸ್ವಾರಸ್ಯದ ಸಂಗತಿ: ಇದು ಸ್ವಂತ ವಿಚಾರ, ಪಕ್ಷದ ಪ್ರಭಾವವಲ್ಲ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಎದುರು ಪಕ್ಷದವರು ಮಾತ್ರ ನಾಯಕರ ಮಾತಿಗೆ ತಲೆಯಾಡಿಸುತ್ತಾರೆ ಎಂದೂ ಭಾವಿಸಿದ್ದರು. 2014ರಿಂದ 2018ರವರೆಗೆ ಆಧಾರ್ ವಿಷಯದಲ್ಲಿ ಆದದ್ದಕ್ಕೂ ಈ ಪ್ರಯೋಗಶಾಲೆಯಲ್ಲಿ ಆದದ್ದಕ್ಕೂ ಏನು ವ್ಯತ್ಯಾಸ?

‘ಭಕ್ತರು’ ಮತ್ತು ‘ಗುಲಾಮರು’

ಎದುರಾಳಿಯನ್ನು ಕರೆಯುವ ಹೆಸರುಗಳನ್ನೇ ನೋಡಿ. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ‘ಭಕ್ತರು’ ಎನ್ನುತ್ತಾರೆ. ಉತ್ತರವಾಗಿ ಬರುವ ಮಾತು ‘ಗುಲಾಮರು’. ಪದ ಬೇರೆ, ಆರೋಪ ಒಂದೇ: ನಿನಗೆ ಸ್ವಂತ ಬುದ್ಧಿಯಿಲ್ಲ, ಒಬ್ಬ ವ್ಯಕ್ತಿಯ ಅಥವಾ ಒಂದು ಮನೆತನದ ಮುಂದೆ ಬಾಗಿದ್ದೀಯ ಎಂದು. ಪತ್ರಿಕೆಗಳು ಮಾರಾಟವಾಗಿವೆ ಎಂದು ಇಬ್ಬರೂ ದೂರುತ್ತಾರೆ. ದೇಶ ಹಾಳಾಗುತ್ತಿದೆ, ಅದಕ್ಕೆ ಅವರೇ ಕಾರಣ ಎಂದು ಇಬ್ಬರೂ ಹಲುಬುತ್ತಾರೆ.

ಈ ಕನ್ನಡಿಗೆ ಮೊದಲು ಹೆಸರಿಟ್ಟವರಲ್ಲಿ ಯೂರಿ ಬ್ರಾನ್‌ಫೆನ್‌ಬ್ರೆನರ್ ಒಬ್ಬರು. ಮಾಸ್ಕೋದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ಈ ಮನಶ್ಶಾಸ್ತ್ರಜ್ಞ 1960ರಲ್ಲಿ, ಶೀತಲ ಸಮರದ ಕಾವು ಏರಿದ್ದಾಗ, ಸೋವಿಯತ್ ಒಕ್ಕೂಟಕ್ಕೆ ಹೋಗಿ ಅಲ್ಲಿನ ಸಾಮಾನ್ಯರೊಡನೆ ಅವರದೇ ಭಾಷೆಯಲ್ಲಿ ಮಾತಾಡಿದರು. ಅವರು ಅಮೆರಿಕದ ಬಗ್ಗೆ ಏನು ತಿಳಿದಿದ್ದರು? ಜಗಳಗಂಟರು ಅಮೆರಿಕನ್ನರೇ. ಅಲ್ಲಿನ ಸರ್ಕಾರ ಜನರನ್ನು ಶೋಷಿಸಿ ಮರುಳು ಮಾಡುತ್ತಿದೆ. ಪಾಪ, ಅಲ್ಲಿನ ಜನಕ್ಕೆ ನಿಜವಾಗಿ ಆ ವ್ಯವಸ್ಥೆ ಬೇಕಿಲ್ಲ. ಅವರ ಮಾತನ್ನು ನಂಬುವಂತಿಲ್ಲ. ಸಾಮಾನ್ಯ ಅಮೆರಿಕನ್ನರು ಸೋವಿಯತ್ತಿನ ಬಗ್ಗೆ ಹೇಳುತ್ತಿದ್ದುದು ಅಕ್ಷರಶಃ ಇದನ್ನೇ! 1961ರ ತಮ್ಮ ಲೇಖನದಲ್ಲಿ ಅವರು ಇದನ್ನು ಕನ್ನಡಿಯ ಬಿಂಬಕ್ಕೆ ಹೋಲಿಸಿದರು. ಅದರ ಅಪಾಯವನ್ನೂ ತಿಳಿಸಿದರು. ಎದುರಿನವನು ಕೆಟ್ಟವನೆಂದು ನಂಬಿ ನಡೆದರೆ, ಅವನೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾನೆ, ಹೀಗೆ ಕೊನೆಗೆ ನಂಬಿಕೆ ನಿಜವೇ ಆಗಿಬಿಡುತ್ತದೆ.

ಪತ್ರಿಕೆಗಳ ಮೇಲಿನ ದೂರಿಗೂ ಅಧ್ಯಯನವುಂಟು. 1982ರಲ್ಲಿ ಬೇರೂತಿನ ನಿರಾಶ್ರಿತರ ಶಿಬಿರಗಳಲ್ಲಿ ಹತ್ಯಾಕಾಂಡ ನಡೆದಾಗ ಅಮೆರಿಕದ ಟಿವಿಗಳು ಬಿತ್ತರಿಸಿದ ಸುದ್ದಿಯನ್ನು ಅರಬರ ಪರ ಮತ್ತು ಇಸ್ರೇಲ್ ಪರ ವಿದ್ಯಾರ್ಥಿಗಳಿಗೆ ತೋರಿಸಲಾಯಿತು. ಇದು ನಮ್ಮ ವಿರುದ್ಧ ವಾಲಿದೆ ಎಂದು ಎರಡೂ ಗುಂಪು ಹೇಳಿತು, ಒಂದೇ ಸುದ್ದಿಯನ್ನು ನೋಡಿ!

ಎಲ್ಲರೂ ಕಳ್ಳರೇ?

ಇಷ್ಟು ಓದಿದ ವಿದ್ಯಾರ್ಥಿಯೊಬ್ಬ, ಹಾಗಾದರೆ ಎಲ್ಲರೂ ಒಂದೇ, ಯಾರಿಗೂ ಓಟು ಹಾಕುವುದು ಬೇಡ ಎಂದುಕೊಂಡರೆ ಅದು ಇನ್ನೊಂದು ತಪ್ಪು. ಬೆಂಗಳೂರು ದಕ್ಷಿಣದಲ್ಲಿ 2024ರಲ್ಲಿ ಮತ ಹಾಕಿದವರು ಶೇಕಡ 53ರಷ್ಟು ಮಂದಿ ಮಾತ್ರ. ಎಲ್ಲರೂ ಕಳ್ಳರು ಎನ್ನುವುದು ತೀರ್ಮಾನವಲ್ಲ, ಯೋಚಿಸದಿರಲು ಒಂದು ನೆಪ.

ಇಬ್ಬರ ವರ್ತನೆ ಒಂದೇ ಬಗೆಯದು ಎಂದ ಮಾತ್ರಕ್ಕೆ ಇಬ್ಬರ ಮಾತೂ ಅಷ್ಟೇ ನಿಜ ಅಥವಾ ಅಷ್ಟೇ ಸುಳ್ಳು ಎಂದಾಗುವುದಿಲ್ಲ. ಮತದಾರರ ಪಟ್ಟಿಯ ವಿಷಯವನ್ನೇ ತೆಗೆದುಕೊಳ್ಳಿ. 2018ರ ಮೇನಲ್ಲಿ ಜಾಲಹಳ್ಳಿಯ ಫ್ಲಾಟೊಂದರಲ್ಲಿ ಸಾವಿರಾರು ಮತದಾರರ ಗುರುತಿನ ಚೀಟಿಗಳು ಸಿಕ್ಕಿ ರಾಜರಾಜೇಶ್ವರಿ ನಗರದ ಚುನಾವಣೆಯೇ ಮುಂದೆ ಹೋಯಿತು. ಆಗ ದೊಡ್ಡ ದನಿಯಲ್ಲಿ ಕೂಗಿದ್ದು ಬಿಜೆಪಿ. 2022ರಲ್ಲಿ ಬೆಂಗಳೂರಿನ ಮತದಾರರ ಮಾಹಿತಿಯನ್ನು ಖಾಸಗಿ ಸಂಸ್ಥೆಯೊಂದು ಸಂಗ್ರಹಿಸಿದ ವಿವಾದದಲ್ಲಿ ಕೂಗಿದ್ದು ಕಾಂಗ್ರೆಸ್. 2025ರ ಆಗಸ್ಟ್‌ನಲ್ಲಿ ಮಹದೇವಪುರ ಕ್ಷೇತ್ರದಲ್ಲಿ ಲಕ್ಷಕ್ಕೂ ಹೆಚ್ಚು ಅಕ್ರಮ ಮತಗಳಿವೆ ಎಂದು ರಾಹುಲ್ ಗಾಂಧಿ ಆರೋಪಿಸಿದಾಗ ಬಿಜೆಪಿ ಅದನ್ನು ಅಲ್ಲಗಳೆಯಿತು. ಈ ಮೂರೂ ಬೇರೆ ಬೇರೆ ಪ್ರಕರಣಗಳು. ಪ್ರತಿಯೊಂದಕ್ಕೂ ಅದರದೇ ದಾಖಲೆ, ಅದರದೇ ಸಾಕ್ಷ್ಯ. ಯಾರು ಕೂಗಿದರು ಎಂಬುದರಿಂದ ನಿಜ ತಿಳಿಯುವುದಿಲ್ಲ, ದಾಖಲೆ ತೆರೆದು ನೋಡಿದರೆ ಮಾತ್ರ ತಿಳಿಯುತ್ತದೆ. ಪಕ್ಷಾಭಿಮಾನಿ ಮೂರರಲ್ಲಿ ತನಗೆ ಬೇಕಾದ ಒಂದನ್ನೋ ಎರಡನ್ನೋ ನಂಬುತ್ತಾನೆ. ಸಿನಿಕ ಯಾವುದನ್ನೂ ನೋಡುವುದಿಲ್ಲ. ಇಬ್ಬರೂ ದಾಖಲೆ ತೆರೆಯುವುದಿಲ್ಲ.

ದಾಖಲೆ ತೆರೆದು ಕೇಳಿದ ಒಬ್ಬ ಹಿರಿಯರು ಈ ಊರಿನಲ್ಲೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದ ಅವರು 2012ರಲ್ಲಿ, ತಮ್ಮ ಎಂಬತ್ತಾರನೇ ವಯಸ್ಸಿನಲ್ಲಿ, ಕಾಯ್ದೆಯ ಬೆಂಬಲವಿಲ್ಲದೆ ಜನರ ಬೆರಳಚ್ಚು ಪಡೆಯುವುದು ಸರಿಯೇ ಎಂದು ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಆಗ ದೆಹಲಿಯಲ್ಲಿ ಇದ್ದದ್ದು ಕಾಂಗ್ರೆಸ್ ನೇತೃತ್ವದ ಸರ್ಕಾರ. 2014ರಲ್ಲಿ ಸರ್ಕಾರ ಬದಲಾಯಿತು. ಪಕ್ಷಗಳು ಜಾಗ ಬದಲಿಸಿದವು. ಪುಟ್ಟಸ್ವಾಮಿಯವರ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬ ಭಾರತೀಯನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು. ಪ್ರಶ್ನೆಯ ಒಂದು ಭಾಗದಲ್ಲಿ ಗೆಲುವು, ಇನ್ನೊಂದರಲ್ಲಿ ಸೋಲು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಕಾನೂನು ಓದುವ ಮಕ್ಕಳು ಅವರ ಹೆಸರನ್ನು ಇಂದು ಆ ತೀರ್ಪಿನ ಹೆಸರಾಗಿಯೇ ಕಲಿಯುತ್ತಾರೆ. ಕುರ್ಚಿಯಲ್ಲಿ ಯಾರೇ ಕೂತಿರಲಿ, ಪ್ರಶ್ನೆ ಅದೇ ಆಗಿದ್ದರೆ ಅದನ್ನು ತತ್ವ ಎನ್ನಬಹುದು.

ಬಣ್ಣ ಬದಲಿಸಿದ ಕ್ಷೇತ್ರ

ಬೆಂಗಳೂರು ದಕ್ಷಿಣ ಎಂದರೆ ಇಂಥ ಪಕ್ಷದ್ದೇ ಎಂದು ಇಂದಿನ ಮಕ್ಕಳು ತಿಳಿದಿದ್ದಾರೆ. ಹಿಂದಿನ ಕಥೆ ಹಾಗಿಲ್ಲ. 1977ರಲ್ಲಿ ತುರ್ತು ಪರಿಸ್ಥಿತಿಯ ನಂತರ ಇಡೀ ಉತ್ತರ ಭಾರತ ಕಾಂಗ್ರೆಸ್ಸನ್ನು ತಿರಸ್ಕರಿಸಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾದವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಮುಂದೆ ಲೋಕಸಭೆಯ ಸ್ಪೀಕರ್ ಆದ ಕೆ.ಎಸ್. ಹೆಗ್ಡೆ. 1980ರಲ್ಲಿ ದೇಶದಲ್ಲಿ ಇಂದಿರಾ ಅಲೆ, ಇಲ್ಲಿ ಜನತಾ ಪಕ್ಷದ ಟಿ.ಆರ್. ಶಾಮಣ್ಣ. 1984ರಲ್ಲಿ ವಿ.ಎಸ್. ಕೃಷ್ಣ ಅಯ್ಯರ್. 1989ರಲ್ಲಿ ಅದೇ ಮತದಾರರು ಕಾಂಗ್ರೆಸ್ಸಿನ ಆರ್. ಗುಂಡೂರಾವ್ ಅವರನ್ನು ಆರಿಸಿದರು. ಎರಡೇ ವರ್ಷಕ್ಕೆ, 1991ರಲ್ಲಿ, ಬಿಜೆಪಿಯ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿಗೌಡರು ಗೆದ್ದರು. 1996ರಿಂದ 2014ರವರೆಗೆ ಆರು ಬಾರಿ ಅನಂತಕುಮಾರ್. ವಿಧಾನಸಭಾ ಕ್ಷೇತ್ರಗಳಲ್ಲಿ ಮತ್ತೊಂದು ಚಿತ್ರ. ಬಿಟಿಎಂ ಲೇಔಟ್ ಕ್ಷೇತ್ರ 2008ರಲ್ಲಿ ಹುಟ್ಟಿದಂದಿನಿಂದ ಕಾಂಗ್ರೆಸ್ಸಿನ ರಾಮಲಿಂಗಾರೆಡ್ಡಿಯವರನ್ನೇ ಕಳಿಸುತ್ತ ಬಂದಿದೆ. ಅಲ್ಲಿನ ಅನೇಕ ಮತದಾರರು ವಿಧಾನಸಭೆಗೆ ಒಂದು ಪಕ್ಷ, ಲೋಕಸಭೆಗೆ ಇನ್ನೊಂದು ಪಕ್ಷ ಎಂದು ಓಟು ಹಾಕುತ್ತಾರೆ ಎಂಬುದು ಫಲಿತಾಂಶಗಳಿಂದಲೇ ತಿಳಿಯುತ್ತದೆ.

ಅಂದರೆ ಅಜ್ಜಅಜ್ಜಿಯರಿಗೆ ಪಕ್ಷ ಕುಲಗೋತ್ರವಾಗಿರಲಿಲ್ಲ. ಅವರು ಅಳೆದು ನೋಡಿ ಬದಲಿಸಬಲ್ಲವರಾಗಿದ್ದರು, ಬದಲಿಸಿದ್ದನ್ನು ಯಾರೂ ದ್ರೋಹ ಎನ್ನುತ್ತಿರಲಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಕನ್ನಡಿಯಿಂದ ಹೊರಬರುವ ದಾರಿ ಇದೆಯೇ? ಮರಣದಂಡನೆಯ ಪ್ರಯೋಗ ನಡೆಸಿದ್ದ ಚಾರ್ಲ್ಸ್ ಲಾರ್ಡ್ ಮತ್ತು ಸಂಗಡಿಗರು 1984ರಲ್ಲಿ ಅದನ್ನೇ ಇನ್ನೊಂದು ರೀತಿಯಲ್ಲಿ ನಡೆಸಿದರು. ಕೆಲವರಿಗೆ, ನಿಷ್ಪಕ್ಷಪಾತವಾಗಿ ಓದಿ ಎಂದಷ್ಟೇ ಹೇಳಿದರು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಇನ್ನು ಕೆಲವರಿಗೆ ಹೀಗೆಂದರು: ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಹಾಕಿಕೊಳ್ಳಿ, ಇದೇ ಅಧ್ಯಯನ ತದ್ವಿರುದ್ಧ ಫಲಿತಾಂಶ ಕೊಟ್ಟಿದ್ದರೆ ಆಗಲೂ ಇದನ್ನು ಹೀಗೆಯೇ ಒಪ್ಪುತ್ತಿದ್ದೆನೇ, ಹೀಗೆಯೇ ತಳ್ಳುತ್ತಿದ್ದೆನೇ? ಇವರಲ್ಲಿ ಪಕ್ಷಪಾತ ಗಣನೀಯವಾಗಿ ತಗ್ಗಿತು. ಮಕ್ಕಳಿಗೆ ‘ನ್ಯಾಯವಾಗಿರು’ ಎಂದು ಉಪದೇಶಿಸಿದರೆ ಸಾಲದು, ನ್ಯಾಯವಾಗಿರುವ ವಿಧಾನವನ್ನೂ ಹೇಳಿಕೊಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಪ್ರಯೋಗಕ್ಕೆ ಪ್ರಯೋಗಶಾಲೆ ಬೇಡ. ಒಂದು ಸುದ್ದಿ ಓದಿ ರಕ್ತ ಕುದಿದರೆ, ಅದರಲ್ಲಿನ ಪಕ್ಷದ ಹೆಸರುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಓದಬೇಕು. ಆಗಲೂ ಅಷ್ಟೇ ಕುದಿದರೆ ಅದು ನ್ಯಾಯದ ಸಿಟ್ಟು. ತಣ್ಣಗಾದರೆ ಅದು ಪಕ್ಷದ ಸಿಟ್ಟು. ಇದನ್ನು ಮಕ್ಕಳ ಜತೆ ಕೂತು ಹೆತ್ತವರೂ ಮಾಡಬೇಕು. ಅಪ್ಪ ಒಮ್ಮೆ, ‘ಹೌದು ಮಗಾ, ಇದನ್ನು ನಮ್ಮವರು ಮಾಡಿದ್ದರೆ ಸುಮ್ಮನಿರುತ್ತಿದ್ದೆ’ ಎಂದು ಒಪ್ಪಿಕೊಂಡರೆ ಹತ್ತು ನೀತಿಪಾಠಗಳಿಗೆ ಸಮ.

ಎರಡನೆಯದು, ಚರ್ಚಾಸ್ಪರ್ಧೆಯ ಹಳೆಯ ಪದ್ಧತಿ. ವಿಷಯದ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದ ಕಾಲವಿತ್ತು. ತಾನು ಒಪ್ಪದ ಮಾತನ್ನು ಹತ್ತು ನಿಮಿಷ ಸಮರ್ಥವಾಗಿ ಆಡಿ ಬಂದ ಹುಡುಗನಿಗೆ ಎದುರಿನವರು ಮೂರ್ಖರಲ್ಲ ಎಂಬುದು ತಾನಾಗಿ ತಿಳಿಯುತ್ತಿತ್ತು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಶುರುವಾದ ಬೆಂಗಳೂರು ಸೈನ್ಸ್ ಫೋರಂ, ಎಚ್. ನರಸಿಂಹಯ್ಯನವರ ಪ್ರಭಾವದಲ್ಲಿ ಪ್ರಶ್ನೆ ಕೇಳುವುದನ್ನು ಒಂದು ಸಂಪ್ರದಾಯವಾಗಿಯೇ ಬೆಳೆಸಿತು. ರಾಜಕೀಯದ ವಿಷಯಕ್ಕೂ ಅದೇ ಸಂಪ್ರದಾಯವನ್ನು ನಮ್ಮ ಕಾಲೇಜುಗಳು ಹೊಂದಿಸಿಕೊಳ್ಳಬಾರದೇಕೆ?

ಮೂರನೆಯದು, ಕೆಲಸದಲ್ಲಿ ಕೂಡುವುದು. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್, ಬೀದಿಯ ಕಸ, ಪಾರ್ಕಿನ ಕೆಟ್ಟ ದೀಪ ಇವುಗಳಿಗೆ ಪಕ್ಷವಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿದಾಗ ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತವರಲ್ಲಿ ‘ಭಕ್ತರು’, ‘ಗುಲಾಮರು’ ಎಂದು ಎರಡು ಸಾಲುಗಳಿರಲಿಲ್ಲ.

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಪಿಯುಸಿ ಮುಗಿಸಿ ಬರುವ ಮಗುವಿನ ಮೇಲೆ ದೇಶ ಇಟ್ಟ ನಂಬಿಕೆ ಅದು. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಜನತಾದಳದ ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ. ಇಂಥ ನಾಡಿನಲ್ಲಿ, ಮೊದಲ ಬಾರಿ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಲಿರುವ ಹುಡುಗ ಹುಡುಗಿಯರು ತಮ್ಮ ಮತವನ್ನು ಹಗುರವಾಗಿ ಕಾಣುವಂತಿಲ್ಲ. ಯಾರಿಗೆ ಹಾಕಬೇಕೆಂದು ಅಪ್ಪ ಅಮ್ಮ ಹೇಳಬೇಕಾದ್ದಿಲ್ಲ. ಹಾಕುವ ಮೊದಲು, ಎದುರು ಪಕ್ಷಕ್ಕೆ ಹಾಕಲಿರುವ ಪಕ್ಕದ ಮನೆಯವರ ಕಾರಣವೇನು ಎಂಬುದನ್ನು ಅವರೇ ತಲೆದೂಗುವಂತೆ ವಿವರಿಸಬಲ್ಲೆಯಾ ಎಂದು ಕೇಳಿದರೆ ಸಾಕು. ವಿವರಿಸಲು ಬಂದರೆ, ಮಗು ಓಟಿಗೆ ಸಿದ್ಧವಾಗಿದೆ.